ಲೈನ್ ಎರಡು, ದುಡಿಯುವುದು ಒಂದೇ!

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನ 40 ಕಂಪ್ಯೂಟರುಗಳು ಲಿನಕ್ಸ್ ಮೇಲಿನ ಸ್ಕ್ವಿಡ್ ಪ್ರಾಕ್ಸಿ (ಎಲ್ಲರ ಪರವಾಗಿ ಪೇಜ್ ತರಿಸಿಕೊಡುವ ಮಧ್ಯವರ್ತಿ ಸಾಫ್ಟ್‌ವೇರ್) ಮೂಲಕ ಇಂಟರ್ನೆಟ್‌ಗೆ ಹೋಗುತ್ತವೆ. 100 ಎಂಬಿಪಿಎಸ್ ಲೈನ್ ಸಾಲದೆ 50ರದ್ದು ಇನ್ನೊಂದು ಹಾಕಿಸಿದೆವು. ಕೆಲವು ಕಂಪ್ಯೂಟರುಗಳಿಗೆ ಎರಡನೇ ಲೈನ್ ಸಿಗಲಿ ಅಂತ ಸ್ಕ್ವಿಡ್‌ನಲ್ಲಿ ಟಿಸಿಪಿ_ಔಟ್‌ಗೋಯಿಂಗ್_ಅಡ್ರೆಸ್ ಸಾಲು ಬರೆದರೆ ಅವುಗಳಲ್ಲಿ ಪೇಜೇ ತೆರೆಯುತ್ತಿಲ್ಲ. ಎರಡೂ ಸೇರಿ 150 ಸಿಗುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಒಂದು ಫೈಲ್ ಡೌನ್‌ಲೋಡಿಗೆ 150 ಸಿಗಲ್ಲ. ಒಂದು ಟಿಸಿಪಿ ಕನೆಕ್ಷನ್ (ಸರ್ವರಿನ ಜೊತೆಗಿನ ಒಂದು ಸಂಪರ್ಕ) ಯಾವ ಲೈನಿನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ನಲವತ್ತು ಜನ ಹಂಚಿಕೊಂಡಾಗ ಒಟ್ಟು ಲೆಕ್ಕದಲ್ಲಿ ಲಾಭ, ಅಷ್ಟೇ.

ಇನ್ನು ಪೇಜ್ ತೆರೆಯದ ವಿಷಯ. ನೀವು ಬರೆದ ಸಾಲು ಪ್ಯಾಕೆಟ್ (ಹೊರಡುವ ಡೇಟಾದ ಸಣ್ಣ ಕಟ್ಟು) ಮೇಲೆ 'ಇಂದ' ವಿಳಾಸ ಹಾಕುತ್ತದೆ, ಬೇರೇನೂ ಮಾಡಲ್ಲ. ಯಾವ ಬಾಗಿಲಿನಿಂದ ಹೊರಡಬೇಕು ಅಂತ ಹೇಳುವುದು ಲಿನಕ್ಸಿನ ರೂಟಿಂಗ್ ಟೇಬಲ್, ಅಂದರೆ ದಾರಿಗಳ ಪಟ್ಟಿ. ನಿಮ್ಮ ಡಿಫಾಲ್ಟ್ ರೂಟ್ (ಬೇರೆ ಸೂಚನೆ ಇಲ್ಲದಾಗ ಹಿಡಿಯುವ ದಾರಿ) ಮೊದಲ ಲೈನಿಗೇ ಇದ್ದಂತಿದೆ, ಹಾಗಾಗಿ ಎರಡನೇ ಲೈನಿನ ವಿಳಾಸ ಹೊತ್ತ ಪ್ಯಾಕೆಟ್ಟೂ ಮೊದಲ ಲೈನಿಗೇ ನುಗ್ಗುತ್ತದೆ, ಅಲ್ಲಿನ ಮೋಡೆಮ್ಮೋ ಕಂಪನಿಯವರೋ 'ಇದು ನಮ್ಮದಲ್ಲ' ಅಂತ ಬಿಸಾಕುತ್ತಾರೆ. ಎರಡನೇ ಲೈನಿಗೆ ಬೇರೆ ಟೇಬಲ್ ಮಾಡಿ, ಆ ಲೈನಿನ ಗೇಟ್‌ವೇಯನ್ನು (ಹೊರಗೆ ದಾಟಿಸುವ ಸಾಧನದ ವಿಳಾಸ) ಅದರಲ್ಲಿ ಡಿಫಾಲ್ಟ್ ಇಡಿ. ಆಮೇಲೆ 'ಐಪಿ ರೂಲ್' ಕಮಾಂಡ್ ಕೊಟ್ಟು, ಈ ವಿಳಾಸದಿಂದ ಹೊರಟದ್ದು ಆ ಟೇಬಲ್ ನೋಡಲಿ ಅನ್ನಿ. ರೀಬೂಟ್ ಆದರೆ ಇದೆಲ್ಲ ಅಳಿಸಿ ಹೋಗುತ್ತದೆ, ನೆಟ್‌ವರ್ಕ್ ಸೆಟ್ಟಿಂಗ್ ಫೈಲಿನಲ್ಲೂ ಬರೆದಿಡಿ. ಸ್ಕ್ವಿಡ್‌ನಲ್ಲಿ ಸರ್ವರ್_ಪರ್ಸಿಸ್ಟೆಂಟ್_ಕನೆಕ್ಷನ್ಸ್ ಆಫ್ ಮಾಡಿ. ಇಲ್ಲದಿದ್ದರೆ ಒಬ್ಬರಿಗೆ ತೆರೆದ ಹಳೆ ಕನೆಕ್ಷನ್ ಇನ್ನೊಬ್ಬರಿಗೆ ಸಿಕ್ಕಿ ಹಂಚಿಕೆ ಕೆಡಬಹುದು.

ಸ್ಕ್ವಿಡ್ 3.2ರಿಂದ 'ರ‍್ಯಾಂಡಮ್' ಅನ್ನುವ ಎಸಿಎಲ್ (ಯಾವ ರಿಕ್ವೆಸ್ಟಿಗೆ ಯಾವ ನಿಯಮ ಅಂತ ಆರಿಸುವ ಷರತ್ತು) ಇದೆ, ರಿಕ್ವೆಸ್ಟುಗಳನ್ನು ಲಾಟರಿ ಥರ ಹಂಚುತ್ತದೆ. ನೋಡೋಕೆ ಚೆಂದ, ನಾನಂತೂ ಬೇಡ ಅಂತೀನಿ. ಒಬ್ಬರೇ ಎರಡು ವಿಳಾಸದಿಂದ ಬಂದದ್ದು ಕಂಡರೆ ಕೆಲವು ಬ್ಯಾಂಕ್ ಸೈಟುಗಳು ಅರ್ಧಕ್ಕೇ ಲಾಗೌಟ್ ಮಾಡುತ್ತವೆ. ಕಂಪ್ಯೂಟರಿನ ಐಪಿ ನೋಡಿ ಹಂಚಿ: 27 ಮೊದಲ ಲೈನಿಗೆ, 13 ಎರಡನೆಯದಕ್ಕೆ. ಲೈನುಗಳ ತೂಕವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ?

ನಿಮ್ಮೂರಿನ ಮಳೆಗಾಲಕ್ಕೆ ಇನ್ನೊಂದು ಮಾತು. ಮರ ಬಿದ್ದು ಹೊರಗಿನ ಕೇಬಲ್ ಕಡಿದರೂ ಮೋಡೆಮ್ ಮಾತ್ರ ಆನ್ ಆಗೇ ಇರುತ್ತದೆ, ಸ್ಕ್ವಿಡ್ ಪಾಪ ಆ ಕಡೆಗೇ ಕಳಿಸುತ್ತಿರುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಆಯಾ ಲೈನಿನ ವಿಳಾಸದಿಂದಲೇ ಹೊರಗಿನ ಸರ್ವರಿಗೆ ಪಿಂಗ್ ಮಾಡಲಿ (ಉತ್ತರ ಬರುತ್ತದಾ ಅಂತ ಕೂಗಿ ನೋಡುವುದು), ಮೋಡೆಮ್ಮಿಗೆ ಪಿಂಗ್ ಮಾಡಿ ಉಪಯೋಗವಿಲ್ಲ. ಎರಡನೇ ಲೈನ್ ಸತ್ತರೆ ಸ್ಕ್ವಿಡ್‌ನ ಟಿಸಿಪಿ_ಔಟ್‌ಗೋಯಿಂಗ್_ಅಡ್ರೆಸ್ ಸಾಲು ತೆಗೆದು ಸ್ಕ್ವಿಡ್ ರೀಕಾನ್ಫಿಗರ್ ಮಾಡಿಸಿ, ಅಂದರೆ ಸೆಟ್ಟಿಂಗ್ ಮತ್ತೆ ಓದಿಸಿ. ಮೊದಲನೆಯದು ಸತ್ತರೆ ಡಿಫಾಲ್ಟ್ ರೂಟನ್ನೇ ಎರಡನೆಯದಕ್ಕೆ ತಿರುಗಿಸಿ.