ಬ್ರೂನೋನನ್ನು ಎಲ್ಲಿ ಬಿಡುವುದು?

ದಾವಣಗೆರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಇವರ ಮಗ ಲ್ಯಾಬ್ರಡಾರ್ ಮರಿಯೊಂದನ್ನು ತಂದು ಬ್ರೂನೋ ಎಂದು ಹೆಸರಿಟ್ಟಿದ್ದ. ಆಮೇಲೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ‘ಆರು ತಿಂಗಳು ನೋಡಿಕೊಳ್ಳಿ’ ಎಂದು ನಾಯಿಯನ್ನು ಊರಿಗೆ ತಂದು ಬಿಟ್ಟುಹೋದ. ಹದಿನಾಲ್ಕು ತಿಂಗಳಾಗಿದೆ. ಬ್ರೂನೋಗೆ ಈಗ ಎರಡೂವರೆ ವರ್ಷ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ನಾಯಿ ಹಗಲೆಲ್ಲ ಪೋರ್ಟಿಕೋ ಕಂಬಕ್ಕೆ ಕಟ್ಟಿರುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ. ಎದುರು ಮನೆಯವರು ಮಾತು ಬಿಟ್ಟಿದ್ದಾರೆ. ಹೋದ ತಿಂಗಳು ವಾಕಿಂಗ್‌ಗೆ ಕರೆದೊಯ್ದಾಗ ಬ್ರೂನೋ ಎಳೆದ ರಭಸಕ್ಕೆ ಇವರು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ‘ಹೈವೇ ಪಕ್ಕದ ಡಾಬಾ ಹತ್ತಿರ ಬಿಟ್ಟು ಬಾ, ಅಲ್ಲಿ ಊಟಕ್ಕೇನೂ ಕೊರತೆಯಿಲ್ಲ’ ಎಂದು ತಮ್ಮ ಹೇಳುತ್ತಿದ್ದಾರಂತೆ.

ಕೊನೆಯ ಪುಟದಲ್ಲಿ ಅವರು ಹೀಗೆ ಕೇಳಿದ್ದಾರೆ: ‘ನಿಮ್ಮ ಪತ್ರಿಕೆ ಹೋದ ಸಂಚಿಕೆಯಲ್ಲಿ ನಾಯಿಯ ನಿಯತ್ತನ್ನು ಎಂಟು ಪುಟ ಹೊಗಳಿತು. ನಾಯಿ ಇರುವ ಮನೆಯ ಬೆಳಗು ಹೇಗಿರುತ್ತದೆ ಎಂದು ಒಂದು ಸಾಲೂ ಇರಲಿಲ್ಲ. ಅವನನ್ನು ಬಿಟ್ಟು ಬಂದರೆ ಪಾಪವೇ? ಪಾಪ ಎನ್ನುವುದಾದರೆ, ಮತ್ತೇನು ಮಾಡಲಿ ಎಂದೂ ನೀವೇ ಹೇಳಬೇಕು.’

ಅಮ್ಮಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೋದ ಸಂಚಿಕೆಯ ಬಗ್ಗೆ ನೀವು ಬರೆದದ್ದು ಸರಿ. ಆ ಎಂಟು ಪುಟವನ್ನು ಅಚ್ಚಿಗೆ ಕಳಿಸಿದವನು ನಾನು. ಈ ಉತ್ತರ ಉದ್ದವಾಗಿರುವುದಕ್ಕೆ ಅದೂ ಒಂದು ಕಾರಣ.

ಮೊದಲು ಡಾಬಾ ಮಾತು. ದಯವಿಟ್ಟು ಬೇಡ. ಕೆಲವು ವರ್ಷಗಳ ಹಿಂದೆ ಶಿರಾ ದಾಟಿ ಹಿರಿಯೂರಿನ ದಾರಿಯಲ್ಲಿ ಚಹಾಕ್ಕೆ ನಿಂತಿದ್ದೆ. ಕೊರಳಲ್ಲಿ ಕೆಂಪು ಪಟ್ಟಿಯಿದ್ದ, ಕಂದು ಬಣ್ಣದ ನಾಯಿಯೊಂದು ರಸ್ತೆಯ ಅಂಚಿನಲ್ಲಿ ಕುಳಿತಿತ್ತು. ಬಿಳಿ ಕಾರು ನಿಧಾನವಾದರೆ ಸಾಕು, ಎದ್ದು ಓಡುತ್ತಿತ್ತು. ಬಾಗಿಲು ತೆರೆದು ಇಳಿದವರ ಕೈ ಮೂಸಿ ನೋಡಿ, ಹಿಂದಿರುಗಿ, ಮತ್ತೆ ಅದೇ ಜಾಗದಲ್ಲಿ ಕೂರುತ್ತಿತ್ತು. ಬೇರೆ ಬಣ್ಣದ ಕಾರಿಗೆ ತಲೆಯನ್ನೂ ಎತ್ತುತ್ತಿರಲಿಲ್ಲ. ಐದು ದಿನದಿಂದ ಹೀಗೇ ಎಂದು ಅಂಗಡಿಯವರು ಹೇಳಿದರು. ಅವರು ಹಾಕಿದ ಬನ್ನು ಅದರ ಮುಂದೆಯೇ ಒಣಗಿ ಬಿದ್ದಿತ್ತು. ಊಟಕ್ಕೆ ಕೊರತೆಯಿಲ್ಲ ಎಂದು ನಿಮ್ಮ ತಮ್ಮ ಹೇಳಿದ್ದು ನಿಜವೇ ಇರಬಹುದು. ಆದರೆ ಮನೆಯೊಳಗೆ ಬೆಳೆದ ನಾಯಿಗೆ ರಸ್ತೆ ದಾಟಲು ಬಾರದು. ಅಲ್ಲಿನ ಬೀದಿನಾಯಿಗಳು ತಮ್ಮ ಜಾಗಕ್ಕೆ ಬಂದ ಹೊಸಬನನ್ನು ಸುಮ್ಮನೆ ಬಿಡುವುದೂ ಇಲ್ಲ.

ಕಾನೂನಿನಲ್ಲೂ ಇದು ಅಪರಾಧ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಶಿಕ್ಷಾರ್ಹ. ಸದಾ ಕಟ್ಟಿಹಾಕಿರುವ ನಾಯಿಯನ್ನು ಓಡಾಡಿಸದೆ ಇರುವುದೂ ಅದೇ ಕಲಮಿನಲ್ಲಿದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ! ದಶಕಗಳ ಹಿಂದೆ ನಿಗದಿಯಾದ ಮೊತ್ತ, ಇಂದಿಗೂ ಹಾಗೆಯೇ ಇದೆ. ಇದನ್ನು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವು ಕೇಳಿದ್ದು ದಂಡದ ಬಗ್ಗೆಯಲ್ಲ, ಪಾಪದ ಬಗ್ಗೆ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನೆನಪಾದದ್ದು ಆತಕೂರಿನ ಶಾಸನ. ನೀವು ಶಾಲೆಯಲ್ಲಿ ಪಾಠ ಮಾಡಿದವರು, ನಿಮಗೂ ಗೊತ್ತಿದ್ದೀತು. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರೊಡನೆ ಯುದ್ಧ ನಡೆಯಿತು. ಅಲ್ಲಿ ಮಣಲೇರ ಎಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಗಂಗರ ದೊರೆ ಬೂತುಗ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ಇಂದಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಕಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುವ ಕೆತ್ತನೆ ಅದರ ಮೇಲಿದೆ.

ಕಾಳಿಯ ಶೌರ್ಯವನ್ನು ಎಲ್ಲರೂ ಹೇಳುತ್ತಾರೆ. ಶಾಸನದ ಕೊನೆಯ ಭಾಗವನ್ನು ಯಾರೂ ಹೇಳುವುದಿಲ್ಲ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು, ಅದನ್ನು ನೋಡಿಕೊಳ್ಳಲು ಗೊರವನನ್ನು, ಅಂದರೆ ಶೈವ ಪೂಜಾರಿಯನ್ನು, ಗೊತ್ತುಮಾಡಿದರು. ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯನ್ನೂ ಕೆತ್ತಿಸಿದರು. ನಾಯಿಯ ಮೇಲೆ ಪ್ರೀತಿಯಿದೆ ಎಂದು ಬರೆಸಿ ಅಷ್ಟಕ್ಕೇ ಬಿಡಲಿಲ್ಲ. ಖರ್ಚು ಎಲ್ಲಿಂದ, ಕೆಲಸ ಯಾರದು, ಊಟಕ್ಕೆ ಮೊದಲೋ ಆಮೇಲೋ ಎಲ್ಲವನ್ನೂ ತೀರ್ಮಾನಿಸಿಬಿಟ್ಟರು. ನಿಮ್ಮ ಮನೆಯಲ್ಲಿ ಆಗದೆ ಉಳಿದಿರುವುದು ಇದೇ ತೀರ್ಮಾನ. ಬ್ರೂನೋನನ್ನು ನೀವು ಪ್ರೀತಿಸುವುದಿಲ್ಲ ಎಂದಲ್ಲ. ನಾಲ್ಕು ಪುಟದಲ್ಲಿ ಒಂದು ಕಡೆಯೂ ‘ಅದು’ ಎಂದು ಬರೆದಿಲ್ಲ ನೀವು, ಉದ್ದಕ್ಕೂ ‘ಅವನು’ ಎಂದಿದ್ದೀರಿ. ಆದರೆ ಬೆಳಿಗ್ಗೆ ಐದೂವರೆಗೆ ಅವನನ್ನು ಯಾರು ಹೊರಗೆ ಕರೆದೊಯ್ಯಬೇಕು ಎಂಬುದು ಹದಿನಾಲ್ಕು ತಿಂಗಳಿಂದ ಯಾರ ಪಾಲಿಗೂ ಬಂದಿಲ್ಲ.

ಆ ಪಾಲು ನಿಮ್ಮ ಮಗನದು. ಜರ್ಮನಿಯಿಂದ ಬಂದು ಹಗ್ಗ ಹಿಡಿಯಲಾರ, ನಿಜ. ಹಿಡಿಯುವವರನ್ನು ಗೊತ್ತುಮಾಡಿ ಸಂಬಳ ಕೊಡಬಲ್ಲ. ನಿಮ್ಮ ಬೀದಿಯಲ್ಲೋ ಪಕ್ಕದ ಬೀದಿಯಲ್ಲೋ ನಾಯಿ ಕಂಡರೆ ಇಷ್ಟಪಡುವ ಕಾಲೇಜು ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ. ತಿಂಗಳ ಸಂಬಳ ನೇರವಾಗಿ ಮಗನಿಂದಲೇ ಹೋಗಲಿ. ಮೂವತ್ತು ಕಿಲೋ ತೂಗುವ ನಾಯಿಯ ಹಗ್ಗವನ್ನು ನೀವು ಇನ್ನು ಹಿಡಿಯಲೇಬಾರದು, ಮಣಿಕಟ್ಟು ಕೂಡಿಕೊಂಡ ಮೇಲೂ. ಕೊರಳಪಟ್ಟಿಯ ಬದಲು, ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ (ಎದೆ, ಬೆನ್ನನ್ನು ಸುತ್ತುವ ಪಟ್ಟಿ) ತರಿಸಿ. ಎಳೆದಾಗ ನಾಯಿ ತಾನೇ ಪಕ್ಕಕ್ಕೆ ತಿರುಗುತ್ತದೆ, ಹಿಡಿದವರು ಮುಗ್ಗರಿಸುವ ಅಪಾಯ ಕಡಿಮೆ.

ಬ್ರೂನೋ ರಾತ್ರಿ ಬೊಗಳುವುದು ಹಟದಿಂದಲ್ಲ. ಲ್ಯಾಬ್ರಡಾರ್ ಎಂದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದಿನವಿಡೀ ತಣ್ಣೀರಿನಲ್ಲಿ ದುಡಿಯುತ್ತಿದ್ದ ನಾಯಿಗಳ ವಂಶ. ಅಂಥದ್ದನ್ನು ಆರಡಿ ಸರಪಳಿಯಲ್ಲಿ ಹಗಲೆಲ್ಲ ಕಟ್ಟಿಟ್ಟರೆ, ಮೈಯಲ್ಲಿ ಉಳಿದ ಶಕ್ತಿಯೆಲ್ಲ ರಾತ್ರಿ ಗಂಟಲಿನಿಂದ ಹೊರಬರುತ್ತದೆ. ಅವನ ಕೊರಳಪಟ್ಟಿಯನ್ನು ಬಿಚ್ಚಿ ಕೂದಲು ಸರಿಸಿ ನೋಡಿ. ಚರ್ಮ ಬೋಳಾಗಿ ಕಪ್ಪಾಗಿದ್ದರೆ ಅದು ಸರಪಳಿ ಎಳೆದ ಗುರುತು. ಗೇಟು ಭದ್ರವಾಗಿದ್ದರೆ ಅಂಗಳದಲ್ಲಿ ಬಿಚ್ಚಿ ಬಿಡಿ. ರಾತ್ರಿ ಮನೆಯೊಳಗೆ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಡಿ. ಜನರ ಹತ್ತಿರ ಮಲಗಿದ ನಾಯಿ ಬೊಗಳುವುದು ಕಡಿಮೆ.

ಸರಪಳಿಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮಲೆನಾಡಿನವನು. ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿಯಿತ್ತು. ಕತ್ತಲಾಗುವ ಮುನ್ನ ಅವನನ್ನು ಅಂಗಳದ ಹಲಸಿನ ಮರದಿಂದ ಬಿಚ್ಚಿ ಕೊಟ್ಟಿಗೆಗೆ ಸೇರಿಸುವುದು ನನ್ನ ಕೆಲಸ. ಒಂಬತ್ತನೇ ತರಗತಿಯ ಪರೀಕ್ಷೆಯ ಹಿಂದಿನ ರಾತ್ರಿ ಮರೆತೆ. ಬೆಳಿಗ್ಗೆ ನೋಡಿದರೆ ಸರಪಳಿ ಮರಕ್ಕೆ ಎರಡು ಸುತ್ತು ಸುತ್ತಿಕೊಂಡಿತ್ತು, ಅದರ ತುದಿಯಲ್ಲಿ ಹರಿದ ಪಟ್ಟಿ. ಚಿರತೆ ಬಂದಾಗ ಕಟ್ಟಿದ ನಾಯಿ ಓಡುವುದಾದರೂ ಎಲ್ಲಿಗೆ? ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ನನಗೆ ಈಗ ಐವತ್ತೆಂಟು, ಆ ಎರಡು ಸುತ್ತು ಇನ್ನೂ ಕಣ್ಣಮುಂದಿದೆ.

ಮಂಡಿನೋವಿನಲ್ಲೂ ನೀವು ಮಾಡಬಹುದಾದ ಕೆಲಸವೊಂದಿದೆ, ನಾಯಿಗೆ ತುಂಬ ಹಿಡಿಸುವಂಥದ್ದು. ಹಳೆಯ ಟವೆಲ್ಲಿನಲ್ಲಿ ಅವನ ತಿನಿಸಿನ ಕಾಳುಗಳನ್ನು ಹರಡಿ, ಸುರುಳಿ ಸುತ್ತಿ ಮುಂದಿಡಿ. ಮೂಗಿನಿಂದ ಬಿಡಿಸಿಕೊಂಡು ತಿನ್ನಲಿ. ಮೂಗಿಗೆ ಕೆಲಸ ಸಿಕ್ಕರೂ ನಾಯಿ ದಣಿಯುತ್ತದೆ. ವಾಕಿಂಗ್‌ನಲ್ಲೂ ಅಷ್ಟೇ, ಪ್ರತಿ ಕಂಬದ ಬುಡದಲ್ಲಿ ನಿಂತು ಮೂಸಲು ಬಿಡುವಂತೆ ಆ ಹುಡುಗನಿಗೆ ಹೇಳಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಸೂರ್ಯ ಏರಿದ ಮೇಲೆ ಹೊರಗೆ ಬೇಡ. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ಅವನ ಪಾದವನ್ನೂ ಸುಡುತ್ತದೆ.

‘ಎಷ್ಟು ಹಾಕಿದರೂ ಇನ್ನೂ ಬೇಕೆನ್ನುತ್ತಾನೆ, ಯಜಮಾನರು ದಿನಾ ಬೆಣ್ಣೆದೋಸೆಯ ತುಂಡು ಕೊಡುತ್ತಾರೆ’ ಎಂದು ಬರೆದಿದ್ದೀರಿ. ಅನೇಕ ಲ್ಯಾಬ್ರಡಾರ್‌ಗಳ ವಂಶವಾಹಿಯಲ್ಲೇ ಒಂದು ವ್ಯತ್ಯಾಸವಿದೆ, ಹೊಟ್ಟೆ ತುಂಬಿತೆಂಬ ಸೂಚನೆ ಅವುಗಳಿಗೆ ಸರಿಯಾಗಿ ಸಿಗುವುದಿಲ್ಲ. ಅಳತೆ ನಿಮ್ಮ ಕೈಯಲ್ಲಿರಬೇಕು. ಯಜಮಾನರ ಮನಸ್ಸು ನೋಯಿಸಬೇಡಿ, ದೋಸೆಯ ಬದಲು ಸೌತೆಕಾಯಿ ಅಥವಾ ಕ್ಯಾರೆಟ್ ತುಂಡನ್ನು ಅವರ ಕೈಯಲ್ಲೇ ಕೊಡಿಸಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಒಗ್ಗರಣೆ ಅನ್ನ, ದ್ರಾಕ್ಷಿ, ಚಾಕೊಲೇಟ್ ಯಾವುದೂ ನಾಯಿಗೆ ಸಲ್ಲದು. ಬೇಯಿಸಿದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ನಿಮ್ಮ ಮಂಡಿನೋವಿನ ಮಾತ್ರೆಯನ್ನು ಅವನಿಗೆ ಎಂದೂ ಕೊಡಬೇಡಿ.

ಇನ್ನು ಎದುರು ಮನೆಯವರು. ಇಲ್ಲಿ ನಾನು ಪೂರ್ತಿ ನಿಮ್ಮ ಪರವಾಗಿಲ್ಲ. ಈ ಜಾತಿಯ ನಾಯಿಯನ್ನು ಸರ್ಕಾರ ನಿಷೇಧಿಸಿದೆ ಎಂದು ಅವರು ಹೇಳಿದ್ದು ತಪ್ಪು. 2024ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆಯಲ್ಲಿದ್ದ 23 ತಳಿಗಳಲ್ಲಿ ಲ್ಯಾಬ್ರಡಾರ್ ಇರಲಿಲ್ಲ, ಆ ಸುತ್ತೋಲೆಯನ್ನೂ ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. ಆದರೆ ಅವರ ನಿದ್ದೆ ಕೆಟ್ಟಿರುವುದು ಸುಳ್ಳಲ್ಲ. ಅವರ ಗೇಟಿನ ಮುಂದೆ ಬ್ರೂನೋ ಮಾಡಿದ ಗಲೀಜನ್ನು ಯಾರೂ ತೆಗೆಯಲಿಲ್ಲ ಎಂದು ನೀವೇ ಬರೆದಿದ್ದೀರಿ. ಹಳೆಯ ಪೇಪರಿನ ಒಂದು ಹಾಳೆ, ಒಂದು ಚೀಲ ಇಲ್ಲದೆ ನಾಯಿ ಮನೆಯಿಂದ ಹೊರಡಬಾರದು.

ಅವರ ಮಗು ಹೆದರಿ ಅಳುವಾಗ ‘ಏನೂ ಮಾಡುವುದಿಲ್ಲ, ಹೆದರಬೇಡ’ ಎಂದೆ ಎನ್ನುತ್ತೀರಿ. ನಾಯಿ ಸಾಕಿದ ನಾವೆಲ್ಲರೂ ಆಡುವ ಮಾತು ಇದು. ನನಗೆ ಈಗ ಆ ಮಾತು ಸರಿಯೆನಿಸುವುದಿಲ್ಲ. ಅವನು ನಮಗೇನೂ ಮಾಡಿಲ್ಲ ಎಂಬುದಷ್ಟೇ ನಮಗೆ ಗೊತ್ತು. ಆ ಮಗು ಹಾದುಹೋಗುವವರೆಗೆ ಹಗ್ಗ ಗಿಡ್ಡ ಮಾಡಿ ಪಕ್ಕಕ್ಕೆ ನಿಂತರೆ ಸಾಕು, ಬಾಯಿಮಾತು ಬೇಕಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ನಂಬಬೇಡಿ. ಬೊಗಳಿ ಕಚ್ಚುವ ನಾಯಿಗಳಿವೆ. ಮೈ ಬಿಗಿದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿ, ಗುರುಗುಟ್ಟಿದರೆ ಅದು ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ನಾಯಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಆಗಬಹುದು.

ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಎರಡನೇ ಪುಟದ ಸಣ್ಣ ವಾಕ್ಯ: ‘ಮರಿಯಿದ್ದಾಗ ಸೂಜಿ ಹಾಕಿಸಿದ್ದ, ಆಮೇಲೆ ಹಾಕಿಸಿಲ್ಲ.’ ಇದಕ್ಕೆ ಒಂದು ವಾರವೂ ಕಾಯಬೇಡಿ. ರೇಬೀಸ್ ಲಸಿಕೆ ಮೂರು ತಿಂಗಳ ಮರಿಗೆ ಶುರುವಾಗಿ ವರ್ಷಕ್ಕೊಮ್ಮೆ ಬೀಳಬೇಕು. ಮನೆ ಬಿಟ್ಟು ಹೋಗದ ನಾಯಿಗೂ ಬೇಕು, ಗೇಟಿನ ಸಂದಿಯಲ್ಲಿ ಒಂದು ಕಚ್ಚಾಟ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಯಾವ ನಾಯಿಯ ಹಲ್ಲು ತಾಗಿದರೂ, ಸಾಕಿದ್ದೇ ಆಗಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚದೆ ನೇರ ಆಸ್ಪತ್ರೆಗೆ ಹೋಗಬೇಕು. ಹೇಳಿದ ದಿನಗಳಂದು ಎಲ್ಲ ಸೂಜಿಗಳನ್ನೂ ಹಾಕಿಸಿಕೊಳ್ಳಬೇಕು. ಪಶು ಆಸ್ಪತ್ರೆಗೆ ಹೋದಾಗ ಜಂತಿನ ಔಷಧಿ, ಉಣ್ಣಿಗೆ ಮದ್ದು, ಸಂತಾನಹರಣ ಚಿಕಿತ್ಸೆ ಮೂರನ್ನೂ ವೈದ್ಯರ ಬಳಿ ಕೇಳಿ.

ಇಷ್ಟೆಲ್ಲ ಮೂರು ತಿಂಗಳು ಮಾಡಿ ನೋಡಿ. ಆಗಲೂ ನಿಮ್ಮಿಂದ ಆಗದಿದ್ದರೆ ಬ್ರೂನೋಗೆ ಬೇರೆ ಮನೆ ಹುಡುಕುವುದು ತಪ್ಪಲ್ಲ. ಅವನು ಇನ್ನೂ ಎಂಟೊಂಬತ್ತು ವರ್ಷ ಬದುಕುತ್ತಾನೆ, ನಿಮಗೆ ಅರವತ್ತಾರು. ಲೆಕ್ಕ ಹಾಕಬೇಕಾದವನು ನಿಮ್ಮ ಮಗ, ಹುಡುಕಬೇಕಾದವನೂ ಅವನೇ. ನಿಮ್ಮ ಪಶುವೈದ್ಯರಿಗೆ ನಾಯಿ ಕಳೆದುಕೊಂಡು ಇನ್ನೊಂದನ್ನು ಹುಡುಕುತ್ತಿರುವ ಮನೆಗಳು ಗೊತ್ತಿರುತ್ತವೆ. ಬರುವವರು ಎರಡು ಮೂರು ಸಲ ಬಂದು ಅವನೊಂದಿಗೆ ಕುಳಿತು ಹೋಗಲಿ, ನೀವೂ ಅವರ ಅಂಗಳ ನೋಡಿ ಬನ್ನಿ. ಮರಿ ಹಾಕಿಸಿ ಮಾರುವವರ ಕೈಗೆ ಬೇಡ, ಅದಕ್ಕೇ ಸಂತಾನಹರಣ ಮೊದಲು ಆಗಿಬಿಡಲಿ. ಕಳಿಸುವಾಗ ಅವನ ತಟ್ಟೆ, ಅವನು ಮಲಗುವ ಗೋಣಿಚೀಲ, ಲಸಿಕೆ ಪುಸ್ತಕ ಜೊತೆಗೆ ಹೋಗಲಿ. ನಿಮ್ಮ ವಾಸನೆಯಿರುವ ಹಳೆಯ ಸೀರೆಯ ತುಂಡನ್ನೂ ಇಡಿ.

ಈ ಪುಟವನ್ನು ಫೋಟೋ ತೆಗೆದು ಮಗನಿಗೆ ಕಳಿಸಿ. ಲಸಿಕೆ ಪುಸ್ತಕ ಎಲ್ಲಿಟ್ಟಿದ್ದಾನೆ ಎಂದು ಇವತ್ತೇ ಕೇಳಿ. ಕೈ ವಾಸಿಯಾದ ಮೇಲೆ ಮತ್ತೆ ಬರೆಯಿರಿ. ಎದುರು ಮನೆಯವರು ಮಾತಾಡಿಸಿದರೇ ಎಂದು ತಿಳಿಯಬೇಕೆನಿಸಿದೆ.

— ಸಂಪಾದಕ