ಗ್ಯಾರೇಜ್ ಪ್ರಶ್ನೋತ್ತರ: ಮೊದಲು ಕಾಯಿಲ್ ಅದಲು ಬದಲು ಮಾಡಿ ನೋಡಿ

ಈ ಸಲ ಬಂದ ಪತ್ರಗಳೆಲ್ಲ ಜೋರಾಗಿ ಓಡುವ ಕಾರಿನವರದ್ದೇ. ಒಂದು ಮನವಿ. ಬರೀ ‘ಪಿಕಪ್ ಇಲ್ಲ’ ಅಂತ ಬರೆದರೆ ನಾನು ಏನು ಹೇಳಲಿ? ಯಾವ ಗೇರ್, ಎಷ್ಟು ಆರ್‌ಪಿಎಂ, ಇಂಜಿನ್ ತಣ್ಣಗಿತ್ತಾ ಬಿಸಿ ಇತ್ತಾ, ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡ್ ಬಂತು, ಇಷ್ಟಾದರೂ ಬರೆಯಿರಿ. ಹಾಸನದವರು ಹಾಗೆ ಬರೆದಿದ್ದಾರೆ, ಅದಕ್ಕೇ ಅವರಿಗೆ ಉದ್ದದ ಉತ್ತರ.

ಪ್ರಶ್ನೆ: ನನ್ನದು 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು. ಹೋದ ವರ್ಷ ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದೆ. ಐಡ್ಲಿಂಗ್‌ನಲ್ಲಿ ಏನೂ ತೊಂದರೆ ಇಲ್ಲ. ನಾಲ್ಕನೇ ಗೇರ್‌ನಲ್ಲಿ 3000 ಆರ್‌ಪಿಎಂ ದಾಟಿ ಪೂರ್ತಿ ಒತ್ತಿದರೆ ಮಿಸ್ಸಿಂಗ್ ಹೊಡೆಯುತ್ತದೆ, ಚೆಕ್ ಇಂಜಿನ್ ಲೈಟ್ ಮಿಣುಕುತ್ತದೆ. ಕೋಡ್ ಪಿ0303. ನಾಲ್ಕೂ ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ನಳಿಕೆ) ಬದಲಿಸಬೇಕು ಅನ್ನುತ್ತಿದ್ದಾರೆ. ಮಾಡಿಸಲಾ? (ಓದುಗರು, ಹಾಸನ)

ಉತ್ತರ: ಈಗಲೇ ಬೇಡ. ಪಿ0303 ಅಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ, ಅಷ್ಟೇ. ಕೋಡ್ ಮನೆ ನಂಬರ್ ಹೇಳುತ್ತದೆ, ಒಳಗೆ ಯಾರಿಗೆ ಜ್ವರ ಅಂತ ಹೇಳುವುದಿಲ್ಲ. ಒಂದು ಸಿಲಿಂಡರ್‌ನ ಕೋಡಿಗೆ ನಾಲ್ಕು ಇಂಜೆಕ್ಟರ್ ಯಾಕೆ ಅಂತ ಅವರನ್ನೇ ಕೇಳಿ.

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್‌ನ ಗ್ಯಾಪ್ ದಾಟಿ ಕಿಡಿ ಹಾರಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್‌ಗೆ ಆ ವೋಲ್ಟೇಜ್ ಕೊಡುವುದು ಕಾಯಿಲ್. ದಣಿದ ಕಾಯಿಲ್ ಐಡ್ಲಿಂಗ್‌ನಲ್ಲಿ ಹೇಗೋ ನಿಭಾಯಿಸುತ್ತದೆ, ಪೂರ್ತಿ ಒತ್ತಿದಾಗ ಸೋಲುತ್ತದೆ. ಸವೆದು ಗ್ಯಾಪ್ ದೊಡ್ಡದಾದ ಪ್ಲಗ್ ಇದ್ದರೂ ಇದೇ ಕಥೆ. ರೀಮ್ಯಾಪ್‌ನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿರುತ್ತಾರೆ, ಪ್ಲಗ್ ಮಾತ್ರ ಹಳೆಯದೇ ಬಿಟ್ಟಿರುತ್ತಾರೆ. ನಮ್ಮ ಗ್ಯಾರೇಜಿಗೆ ಬರುವ ರೀಮ್ಯಾಪ್ ಕಾರುಗಳಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೂರನೇ ಸಿಲಿಂಡರ್‌ನ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಮೂರಕ್ಕೆ. ಕನೆಕ್ಟರ್‌ನ ಪ್ಲಾಸ್ಟಿಕ್ ಲಾಕ್ ಬಿಸಿಗೆ ಸೊರಗಿ ಬಿಸ್ಕತ್ತಿನ ಹಾಗೆ ಆಗಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಮುರಿಯುತ್ತದೆ. ಕೋಡ್ ಅಳಿಸಿ ಒಂದು ಸುತ್ತು ಹೊಡೆಯಿರಿ. ಈಗ ಪಿ0301 ಬಂದರೆ ಕಳ್ಳ ಸಿಕ್ಕ, ಕಾಯಿಲ್ ಹೋಗಿದೆ. ಪಿ0303ರಲ್ಲೇ ನಿಂತರೆ ಪ್ಲಗ್‌ಗಳನ್ನು ಹೀಗೇ ಅದಲು ಬದಲು ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒತ್ತಡ ಹಿಡಿಯುತ್ತಿದೆಯಾ ಅಂತ), ಇಂಜೆಕ್ಟರ್ ನೋಡಿಸಿ.

ಕಾಯಿಲ್ ತೆಗೆದಾಗ ಪ್ಲಗ್ ಇರುವ ಗುಂಡಿಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಆಯಿಲ್ ಹೊಳೆಯುತ್ತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಚಿದ ಹಾಗೆ ಕಪ್ಪು ಗೆರೆ ಇದ್ದರೆ ಕಿಡಿ ಒಳಗೆ ಹೋಗದೆ ಹೊರಗಿನಿಂದಲೇ ಲೀಕ್ ಆಗುತ್ತಿದೆ. ಆಗ ಪ್ಲಗ್ಗೂ ಕಾಯಿಲ್‌ನ ರಬ್ಬರ್ ಬೂಟೂ ಎರಡೂ ಹೊಸದು ಹಾಕಿ.

‘ಕಾರ್ಬನ್ ಕ್ಲೀನಿಂಗ್ ಮಾಡಿಸಿ’ ಅಂತಲೂ ಯಾರಾದರೂ ಹೇಳಬಹುದು. ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೆ ಬೀಳುವುದೇ ಇಲ್ಲ, ಹಾಗಾಗಿ ಅಲ್ಲಿ ಕಾರ್ಬನ್ ಕಟ್ಟುವುದು ನಿಜ. ಆದರೆ ಆ ತೊಂದರೆ ಸಾಮಾನ್ಯವಾಗಿ ಬೆಳಗ್ಗೆ ತಣ್ಣಗಿರುವಾಗ ಐಡ್ಲಿಂಗ್‌ನಲ್ಲಿ ಕಾಣಿಸುತ್ತದೆ. ನಿಮ್ಮದು ಹಾಗಲ್ಲ ಅಲ್ವಾ?

ಇನ್ನೊಂದು. ಲೈಟ್ ಮಿಣುಕಿದ ತಕ್ಷಣ ಕಾಲು ತೆಗೆಯಿರಿ. ಉರಿಯದ ಪೆಟ್ರೋಲ್ ಸೀದಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕರಗಿದರೆ ಕಾಯಿಲ್‌ನ ಬೆಲೆ ತಮಾಷೆ ಅನಿಸುತ್ತದೆ.

ಪ್ರಶ್ನೆ: ಆರು ಸಿಲಿಂಡರ್ ಜರ್ಮನ್ ಸೆಡಾನ್, ಸೆಕೆಂಡ್ ಹ್ಯಾಂಡ್. ಒಂದು ವಾರ ಶೆಡ್‌ನಲ್ಲಿ ನಿಂತರೆ ಬ್ಯಾಟರಿ ಡೌನ್, ಸೆಲ್ಫ್ ಹೊಡೆಯುವುದಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು. (ಓದುಗರು, ಹುಬ್ಬಳ್ಳಿ)

ಉತ್ತರ: ಬ್ಯಾಟರಿಯದ್ದು ತಪ್ಪಿಲ್ಲ, ಕಾರಿನ ಯಾವುದೋ ಭಾಗ ಕರೆಂಟ್ ಕುಡಿಯುತ್ತಿದೆ. ಲಾಕ್ ಮಾಡಿ ಎಲ್ಲ ಕಂಟ್ರೋಲ್ ಯೂನಿಟ್ (ಕಾರಿನ ಪುಟ್ಟ ಕಂಪ್ಯೂಟರ್‌ಗಳು) ಮಲಗಿದ ಮೇಲೆ ಎಳೆಯುವ ಕರೆಂಟ್ 50 ಮಿಲಿಆಂಪ್ ಒಳಗಿದ್ದರೆ ಚಿಂತೆ ಇಲ್ಲ. ಅರ್ಧ ಆಂಪ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪ್-ಅವರ್ ಹೋಯಿತು. 80 ಆಂಪ್-ಅವರ್ ಬ್ಯಾಟರಿ ವಾರ ತಡೆಯುವುದಿಲ್ಲ. ನಿಮ್ಮ ಲೆಕ್ಕಕ್ಕೆ ಸರಿ ಹೊಂದುತ್ತದೆ.

ಫ್ಯೂಸ್ ಒಂದೊಂದೇ ಕಿತ್ತು ನೋಡುವುದು ಹಳೇ ಪದ್ಧತಿ. ಈ ಕಾರುಗಳಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ್ದ ಯೂನಿಟ್ ಎದ್ದು ಕೂರುತ್ತದೆ, ರೀಡಿಂಗ್ ಎಲ್ಲ ಸುಳ್ಳು. ಬಾನೆಟ್ ತೆರೆದಿಟ್ಟು ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಸಿ, ಕಾರಿಗೆ ಬಾನೆಟ್ ಹಾಕಿದೆ ಅನ್ನಿಸಬೇಕು. ಕೀ ದೂರ ಇಡಿ. ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿರಿ. ಆಮೇಲೆ ಪ್ರತಿ ಫ್ಯೂಸ್‌ನ ತಲೆಯ ಎರಡು ಲೋಹದ ಚುಕ್ಕೆಗಳ ಮೇಲೆ ಮೀಟರ್‌ನ ಕಡ್ಡಿ ಇಟ್ಟು ಮಿಲಿವೋಲ್ಟ್‌ನಲ್ಲಿ ಅಳೆಯಿರಿ. ಸೊನ್ನೆ ಇದ್ದರೆ ಆ ಲೈನ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ. ಎಲ್ಲಿ ರೀಡಿಂಗ್ ಬರುತ್ತದೋ ಆ ಲೈನ್ ಹಿಡಿಯಿರಿ.

ನನ್ನ ಅನುಮಾನ ಹಿಂದಿನ ಮಾಲೀಕರು ಹಾಕಿಸಿದ ಸಾಮಾನಿನ ಮೇಲೆ: ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್, ಜಿಪಿಎಸ್ ಟ್ರ್ಯಾಕರ್. ಕಾರ್ಪೆಟ್ ಕೆಳಗೆ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಸಿಕ್ಕರೆ ಅಲ್ಲಿಂದಲೇ ಶುರು ಮಾಡಿ. ಹೊಸ ಬ್ಯಾಟರಿಯನ್ನು ಸ್ಕ್ಯಾನರ್‌ನಲ್ಲಿ ರಿಜಿಸ್ಟರ್ ಮಾಡಿದ್ದಾರಾ ಅಂತಲೂ ಕೇಳಿ. ಇಂಥ ಕಾರುಗಳಲ್ಲಿ ಹೊಸದು ಹಾಕಿದ್ದು ಗೊತ್ತಾಗದಿದ್ದರೆ ಹಳೆಯದಕ್ಕೆ ಚಾರ್ಜ್ ಮಾಡುವ ಹಾಗೇ ಇದಕ್ಕೂ ಮಾಡುತ್ತದೆ, ಆಯಸ್ಸು ಕಡಿಮೆ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಆಯಿತು. ಮರುದಿನ ಸರಿ ಇತ್ತು. ದೊಡ್ಡ ಬ್ರೇಕ್ ಕಿಟ್ ಹಾಕಿಸಲಾ? (ಓದುಗರು, ಮಂಗಳೂರು)

ಉತ್ತರ: ಬ್ರೇಕ್ ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ? ಅದು ಗಾಳಿಯ ತೇವ ಹೀರುತ್ತದೆ, ನಿಮ್ಮ ಕರಾವಳಿಯಲ್ಲಿ ಕೇಳಲೇಬೇಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ. ನೀವು ಒತ್ತುವುದು ಆವಿಯನ್ನು, ಪ್ಯಾಡನ್ನಲ್ಲ. ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ, ಅದನ್ನು ನಂಬಿ ಮತ್ತೆ ಘಾಟಿಗೆ ಹೋಗಬೇಡಿ.

ಪೂರ್ತಿ ಆಯಿಲ್ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ (ಪೈಪಿನ ಗಾಳಿ ಹೊರಹಾಕಿಸಿ). ಪ್ಯಾಡಿನ ದಪ್ಪ, ಹೋಸ್ ನೋಡಿಸಿ. ಮುಂದೆ ಎರಡು ವರ್ಷಕ್ಕೊಮ್ಮೆ ಇದೇ ಕೆಲಸ. ಡಾಟ್ 5.1 ಹಾಕಬಹುದು, ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್ ಜಾತಿ. ಇಳಿಜಾರಿನಲ್ಲಿ ಗೇರನ್ನು ಮ್ಯಾನುಯಲ್‌ಗೆ ಹಾಕಿ ಎರಡು ಮೂರರಲ್ಲಿ ಇಳಿಸಿ. ಕಿಟ್‌ನ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ಟರ್ಬೊ ಕಾರು. ಆಫ್ ಮಾಡಿದ ಮೇಲೂ ಮುಂದೆ ಫ್ಯಾನ್ ಗುರ್ ಅನ್ನುತ್ತಿರುತ್ತದೆ. ರಿಲೇ (ಫ್ಯಾನ್ ಆನ್-ಆಫ್ ಮಾಡುವ ಸ್ವಿಚ್) ಕೆಟ್ಟಿದೆಯಾ? (ಓದುಗರು, ದಾವಣಗೆರೆ)

ಉತ್ತರ: ಜೋರಾಗಿ ಓಡಿಸಿ ಬಂದಾಗ ಕೆಲವು ನಿಮಿಷ ಓಡಿ ನಿಂತರೆ ಕೆಟ್ಟಿಲ್ಲ, ಕಾದ ಇಂಜಿನ್ನನ್ನು ತಣಿಸುತ್ತಿದೆ. ಬೆಳಗ್ಗೆ ತಣ್ಣಗಿರುವಾಗಲೂ ಓಡಿದರೆ, ಇಲ್ಲವೇ ನಿಲ್ಲದೇ ಹೋದರೆ ರಿಲೇ ಮತ್ತು ಕೂಲೆಂಟ್ ಸೆನ್ಸರ್ ನೋಡಿಸಿ. ಬಾನೆಟ್ ಎತ್ತಿದಾಗ ಫ್ಯಾನ್ ನಿಂತಿದೆ ಅಂತ ಸುಮ್ನೆ ಕೈ ಹಾಕಬೇಡಿ, ಹೇಳದೆ ಕೇಳದೆ ತಿರುಗುತ್ತದೆ.