ಲಕ್ವಾ ಆದ ಮೇಲೆ ತಾಟಿನ ಎಡಗಡೆಯದ್ದನ್ನು ಯಾಕೆ ಮುಟ್ಟುವುದಿಲ್ಲ?

ಗದಗದಲ್ಲಿರುವ ನಿಮ್ಮ ಮಾವನವರಿಗೆ ಲಕ್ವಾ ಹೊಡೆದ ಮೇಲೆ ತಾಟಿನ ಬಲಗಡೆ ಇದ್ದದ್ದನ್ನಷ್ಟೇ ಊಟ ಮಾಡುತ್ತಾರೆ, ಕಣ್ಣಿನ ಡಾಕ್ಟರ್ ಕಣ್ಣು ಸರಿ ಇದೆ ಅಂದಿದ್ದಾರೆ, ಹಾಗಾದರೆ ಇದು ಹಟವಾ ಅಂತ ಕೇಳಿದ್ದೀರಿ.

ಹಟ ಅಲ್ಲವೇ ಅಲ್ಲ. ನಾನು ಹುಬ್ಬಳ್ಳಿಯಲ್ಲಿ ಲಕ್ವಾ ಆದವರ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುತ್ತೇನೆ. ಇಂಥವರು ಸಿಗುತ್ತಲೇ ಇರುತ್ತಾರೆ. ಬಲಗಡೆಯ ರೊಟ್ಟಿ, ಪಲ್ಯ ಖಾಲಿ. ಎಡಗಡೆ ಶೇಂಗಾ ಹಿಂಡಿ, ಮೊಸರು ಹಾಗೇ ಇರುತ್ತವೆ. ಆದರೂ "ಹಿಂಡಿ ಯಾಕ ಹಾಕಿಲ್ಲ?" ಅಂತ ಸೊಸೆ ಮೇಲೆ ರೇಗುತ್ತಾರೆ. ಸುಮ್ನೆ ತಾಟು ತಿರುಗಿಸಿ ಇಡಿ, ಹಿಂಡಿ ತಾನಾಗಿ ಕಾಣುತ್ತದೆ. ಗಡ್ಡ ಬಲಗಡೆ ಮಾತ್ರ ಬೋಳಿಸಿಕೊಳ್ಳುವವರೂ ಇದ್ದಾರೆ.

ಡಾಕ್ಟರುಗಳು ಇದನ್ನು ನೆಗ್ಲೆಕ್ಟ್, ಅಂದರೆ ಒಂದು ಕಡೆಗೆ ಗಮನವೇ ಹೋಗದಿರುವುದು, ಅನ್ನುತ್ತಾರೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಜಾಸ್ತಿ. ಬಲಮಿದುಳು ಎರಡೂ ಕಡೆಗೆ ಗಮನ ಇಡುತ್ತದೆ, ಎಡಮಿದುಳು ಮುಖ್ಯವಾಗಿ ಬಲಗಡೆಗೆ. ಅದಕ್ಕೇ ಬಲಮಿದುಳು ಸೋತರೆ ಎಡಗಡೆ ನೋಡುವವರೇ ಇಲ್ಲದಂತಾಗುತ್ತದೆ ಅನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ.

ಕಣ್ಣಿನ ದೋಷ ಅಲ್ಲ ಅನ್ನುವುದಕ್ಕೆ 1978ರ ಒಂದು ಪ್ರಯೋಗ ಸಾಕು. ಇಟಲಿಯಲ್ಲಿ ಬಿಸಿಯಾಕ್ ಮತ್ತು ಲುಝಾಟ್ಟಿ ಇಂಥ ರೋಗಿಗಳಿಗೆ ಮಿಲಾನಿನ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳಿ ಅಂದರು. ಚರ್ಚಿಗೆ ಮುಖ ಮಾಡಿ ನಿಂತಂತೆ ಅಂದುಕೊಂಡಾಗ ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಚರ್ಚಿನ ಮೆಟ್ಟಿಲ ಮೇಲೆ ನಿಂತು ಚೌಕದ ಕಡೆ ನೋಡಿದಂತೆ ಅಂದಾಗ, ಮೊದಲು ಬಿಟ್ಟಿದ್ದ, ಈಗ ಬಲಕ್ಕೆ ಬಂದ ಕಟ್ಟಡಗಳೇ ಬಾಯಿಗೆ ಬಂದವು! ನೆನಪು ಪೂರ್ತಿ ಇತ್ತು, ಗಮನ ಮಾತ್ರ ಎಡಕ್ಕೆ ಹೋಗುತ್ತಿರಲಿಲ್ಲ. ಚೆನ್ನಮ್ಮ ಸರ್ಕಲ್ ಬಲ್ಲವರಿಗೆ ನಾನೂ ಹಾಗೆ ಕೇಳಿ ನೋಡುವುದುಂಟು.

ಗಮನ ಅನ್ನುವುದು ಒಂದೇ ಜಾಗದ ಕೆಲಸ ಅಲ್ಲ. ಮಿದುಳಿನ ಮುಂಭಾಗ ಮತ್ತು ನೆತ್ತಿಯ ಕಡೆಯ ಭಾಗ ಉದ್ದನೆಯ ನರತಂತುಗಳಿಂದ ಮಾತಾಡಿಕೊಳ್ಳುತ್ತಿರಬೇಕು. 2005ರಲ್ಲಿ ಪ್ಯಾರಿಸಿನ ತಂಡವೊಂದು, ಎಚ್ಚರ ಇರುವ ರೋಗಿಗಳ ಮಿದುಳಿನ ಆಪರೇಷನ್ ಮಾಡುವಾಗ ಆ ತಂತುವಿಗೆ ಸಣ್ಣ ಕರೆಂಟು ಕೊಟ್ಟಿತು. ಗೆರೆಯ ನಡುವೆ ಗುರುತು ಹಾಕಿ ಅಂದರೆ ಗುರುತು ಬಲಕ್ಕೆ ಸರಿಯಿತು. ಅಂದರೆ ತಂತು ಕೆಟ್ಟರೂ ಸಾಕು, ನೆಗ್ಲೆಕ್ಟ್ ಬರಬಹುದು. ಸ್ಕ್ಯಾನಿನಲ್ಲಿ ಸಣ್ಣ ಕಲೆ ಕಂಡರೂ ತೊಂದರೆ ದೊಡ್ಡದಿರಬಹುದು. ಎಡ-ಬಲ ಮಿದುಳಿನ ನಡುವಿನ ಹೊಂದಾಣಿಕೆ ಎಷ್ಟು ತಪ್ಪಿದೆಯೋ ನೆಗ್ಲೆಕ್ಟೂ ಅಷ್ಟು ಜಾಸ್ತಿ ಅಂತ 2007ರ ಎಂಆರ್‌ಐ ಅಧ್ಯಯನವೂ ತೋರಿಸಿತು.

ಇನ್ನು ನೀವು ಮಾಡಬಹುದಾದ್ದು. ತಾಟಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಮೊದಲು ಅದನ್ನು ಹುಡುಕಿಸಿ, ಆಮೇಲೆ ಊಟ. ಮಾತು ಅವರಿಗೆ ಕಾಣುವ ಕಡೆಯಿಂದ ಶುರು ಮಾಡಿ, ನಿಧಾನಕ್ಕೆ ಎಡಕ್ಕೆ ಸರಿಯಿರಿ. "ಕಾಣಂಗಿಲ್ಲೇನು?" ಅಂತ ಬೈಯಬೇಡಿ, ಏನೋ ಬಿಟ್ಟುಹೋಗಿದೆ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ. ನೋಟವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕದ ತರಬೇತಿಯೂ ಇದೆ. ಕೆಲವರಿಗೆ ಉಪಯೋಗ ಆಗುತ್ತದೆ, ಎಲ್ಲರಿಗೂ ಅಲ್ಲ. ಮೊದಲ ಕೆಲವು ತಿಂಗಳಲ್ಲಿ ಬಹಳ ಜನ ಸುಧಾರಿಸುತ್ತಾರೆ. ಅಲ್ಲಿವರೆಗೆ ಗಾಡಿ ಕೀಲಿ ಕೈಗೆ ಕೊಡಬೇಡಿ, ರಸ್ತೆ ದಾಟಲು ಒಬ್ಬರನ್ನೇ ಬಿಡಬೇಡಿ. ವೀಲ್‌ಚೇರಿನಲ್ಲಿ ಕೂರಿಸಿದಾಗ ಎಡಗೈ ಗಾಲಿಗೆ ಸಿಕ್ಕಿಲ್ಲ ತಾನೇ ಅಂತ ಪ್ರತಿ ಸಲ ನೋಡಿರಿ.